ಎರಡು ಪಾದದ ವ್ಯವಹಾರ

ಗೋಕಾಕ, ಹುಕ್ಕೇರಿ, ಮೂಡಲಗಿಗಳ ಕೋರ್ಟಿನ ಅಂಗಳದಲ್ಲಿ ನಿಂತವನ ಕಿವಿಗೆ ಅತಿ ಹೆಚ್ಚು ಸಲ ಬೀಳುವ ಮಾತು ‘ತಾರೀಖು’ ಎಂಬುದು. ಸಂತೆಗೆಂದು ಬಂದ ಒಕ್ಕಲಿಗನು ಬೀಜದ ಅಂಗಡಿಗೆ ಹೋಗುವ ಮೊದಲೋ, ಹೋಗಿ ಬಂದ ಬಳಿಕವೋ ಒಮ್ಮೆ ತನ್ನ ವಕೀಲರನ್ನು ಕಂಡು, ದಾವೆ ಮುಂದೆ ಯಾವ ದಿನಕ್ಕೆ ಬಿತ್ತೆಂಬುದನ್ನು ಚೀಟಿಯ ಮೇಲೆ ಬರೆಯಿಸಿಕೊಂಡು, ಆ ಚೀಟಿಯನ್ನು ಟೊಪ್ಪಿಗೆಯ ಮಡಿಕೆಯಲ್ಲಿ ಸಿಕ್ಕಿಸಿ ಬಸ್ಸು ಹತ್ತುವನು. ಅವನಿಗೆ ಅಂದು ಆದ ನಷ್ಟವೆಂದರೆ ಒಂದು ದಿನದ ದುಡಿಮೆ ಮತ್ತು ಬಸ್ಸಿನ ಖರ್ಚು. ಆದ ಲಾಭ ಆ ಚೀಟಿ. ಹತ್ತಾರು ವರ್ಷಗಳಿಂದ ಬದಲಾಗದ ಈ ನೋಟವನ್ನು ಕಂಡವರು ‘ವಿಚಾರಣೆಯೇ ಬೇಡದಂಥ ದಾವೆಗಳನ್ನಾದರೂ ಬೇಗನೆ ಮುಗಿಸಬಾರದೆ?’ ಎಂದು ಕೇಳುವುದು ಸಹಜವೇ ಆಗಿದೆ. ಈ ಪ್ರಶ್ನೆಗೆ ನ್ಯಾಯಶಾಸ್ತ್ರವು ಬೇರೆ ಬೇರೆ ಕಾಲಗಳಲ್ಲಿ ಕೊಟ್ಟ ಉತ್ತರಗಳ ಸಮುದಾಯಕ್ಕೇ ಸಂಕ್ಷಿಪ್ತ ತೀರ್ಪಿನ ಪದ್ಧತಿಯೆಂದು ಹೆಸರು.

ತಡವಾಗುವ ದಾವೆಗಳೆಲ್ಲ ಒಂದೇ ಕಾರಣದಿಂದ ತಡವಾಗುವುದಿಲ್ಲ. ಅಣ್ಣತಮ್ಮಂದಿರ ವಾಟ್ನಿಯ, ಎಂದರೆ ಪಾಲಿನ, ದಾವೆಯಲ್ಲಿ ವಂಶಾವಳಿಯನ್ನು ಬಿಡಿಸಬೇಕು, ಬಾಯಿಮಾತಿನಲ್ಲಿ ಆದ ಹಳೆಯ ಪಾಲಿಗೆ ಸಾಕ್ಷಿಗಳನ್ನು ಹುಡುಕಬೇಕು, ತೀರಿಹೋದ ಪಕ್ಷಗಾರರ ವಾರಸುದಾರರನ್ನು ದಾಖಲೆಗೆ ತರಬೇಕು. ಅಲ್ಲಿ ತಾಳ್ಮೆಯೇ ನ್ಯಾಯದ ಅಂಗ. ಆದರೆ ಒಬ್ಬನು ಇನ್ನೊಬ್ಬನಿಂದ ಎರಡು ಲಕ್ಷ ರೂಪಾಯಿ ಕೈಗಡ ತೆಗೆದುಕೊಂಡು, ಪ್ರಾಮಿಸರಿ ನೋಟಿಗೆ ಸ್ಟ್ಯಾಂಪು ಹಚ್ಚಿ ಸಹಿ ಮಾಡಿಕೊಟ್ಟು, ವಾಯಿದೆ ಮೀರಿದ ಮೇಲೆ ಕೊಡದೆ ಕುಳಿತಿದ್ದರೆ, ಆ ದಾವೆಯೂ ವಾಟ್ನಿಯ ದಾವೆಯ ಹಾದಿಯನ್ನೇ ಹಿಡಿದು, ಸಮನ್ಸು, ಕೈಫಿಯತ್ತು, ವಿವಾದಾಂಶ, ಸಾಕ್ಷಿ, ಪಾಟೀ ಸವಾಲು, ವಾದ ಎಂಬ ಒಂದೊಂದು ಮಜಲನ್ನೂ ದಾಟಿ ಬರಬೇಕೆನ್ನುವುದಕ್ಕೆ ಕಾರಣವನ್ನು ಹೇಳುವುದು ಕಷ್ಟ.

ಈ ವಿವೇಚನೆ ಪಾಶ್ಚಾತ್ಯರಿಂದಲೇ ನಮಗೆ ಬಂದುದೆಂದು ತಿಳಿಯಬೇಕಾಗಿಲ್ಲ. ನಮ್ಮ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ವ್ಯವಹಾರಕ್ಕೆ, ಎಂದರೆ ದಾವೆಗೆ, ಭಾಷೆ, ಉತ್ತರ, ಕ್ರಿಯೆ, ಸಾಧ್ಯಸಿದ್ಧಿ ಎಂಬ ನಾಲ್ಕು ಪಾದಗಳನ್ನು ಹೇಳುತ್ತಾನೆ. ವಾದಿಯ ಹೇಳಿಕೆ ಭಾಷೆ, ಪ್ರತಿವಾದಿಯ ಹೇಳಿಕೆ ಉತ್ತರ, ಸಾಕ್ಷ್ಯ ಪ್ರಮಾಣಗಳು ಕ್ರಿಯೆ, ನಿರ್ಣಯ ಸಿದ್ಧಿ. ಉತ್ತರದಲ್ಲಿಯೂ ನಾಲ್ಕು ಬಗೆ: ಸುಳ್ಳೆನ್ನುವ ಮಿಥ್ಯೋತ್ತರ, ಒಪ್ಪಿಕೊಳ್ಳುವ ಸಂಪ್ರತಿಪತ್ತಿ, ‘ತೆಗೆದುಕೊಂಡದ್ದು ನಿಜ, ಆದರೆ ತಿರುಗಿ ಕೊಟ್ಟಿದ್ದೇನೆ’ ಎನ್ನುವ ಕಾರಣೋತ್ತರ, ಮೊದಲೇ ತೀರ್ಪಾಗಿದೆಯೆನ್ನುವ ಪ್ರಾಙ್ನ್ಯಾಯ. ಪ್ರತಿವಾದಿಯು ಸಂಪ್ರತಿಪತ್ತಿಯನ್ನು ಹೇಳಿದನೆಂದರೆ ಆ ವ್ಯವಹಾರಕ್ಕೆ ಎರಡೇ ಪಾದಗಳು, ಏಕೆಂದರೆ ಸಾಧಿಸತಕ್ಕದ್ದೇ ಅಲ್ಲಿ ಉಳಿಯುವುದಿಲ್ಲ. ಸಂಕ್ಷಿಪ್ತ ತೀರ್ಪಿನ ಇಡೀ ತತ್ತ್ವ ಇಷ್ಟರಲ್ಲಿಯೇ ಅಡಗಿದೆ. ಆದರೆ ಸ್ಮೃತಿಕಾರರು ಎರಡು ಪಾದವನ್ನು ಬಿಟ್ಟುಕೊಟ್ಟದ್ದು ಉತ್ತರವನ್ನು ಕೇಳಿದ ಮೇಲೆಯೇ. ಉತ್ತರವನ್ನು ಕೇಳದೆ ದಾವೆಯನ್ನು ಒಂದೇ ಪಾದದ ಮೇಲೆ ಕುಂಟಿಸುವ ಉಪಾಯವನ್ನು ಮಾತ್ರ ಆಧುನಿಕರು ಕಂಡುಹಿಡಿದರು.

ಆ ಆಧುನಿಕ ಪದ್ಧತಿಯ ಜನ್ಮಸ್ಥಾನ ಇಂಗ್ಲೆಂಡು. ಹುಂಡಿಯ ಹಣವನ್ನು ಕೊಡದೆ ಹುಸಿಯಾದ ತಕರಾರುಗಳಿಂದ ಕಾಲಹರಣ ಮಾಡುತ್ತಿದ್ದವರನ್ನು ತಡೆಯುವುದಕ್ಕಾಗಿ 1855ರಲ್ಲಿ ಅಲ್ಲಿ ಒಂದು ಶಾಸನವಾಯಿತು. ನ್ಯಾಯಾಲಯದ ಅನುಮತಿಯಿಲ್ಲದೆ ಪ್ರತಿವಾದಿಯು ವಾದಿಸುವಂತೆಯೇ ಇಲ್ಲವೆಂಬುದು ಅದರ ತಿರುಳು. ಭಾರತಕ್ಕೆ ಅದು 1866ರಲ್ಲಿ ಬಂದು, ಮುಂದೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಮೂವತ್ತೇಳನೆಯ ಆದೇಶವಾಗಿ ನೆಲೆಗೊಂಡಿತು. ಆದರೆ ಬಹುಕಾಲ ಅದು ಮುಖ್ಯವಾಗಿ ಕಲಕತ್ತಾ, ಮದರಾಸು, ಮುಂಬಯಿಗಳ ಪೇಟೆಯ ನ್ಯಾಯವಾಗಿಯೇ ಉಳಿಯಿತು. ಬೆಳಗಾವಿ ಜಿಲ್ಲೆ ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದರೂ, ಮುಂಬಯಿಯ ಸಾವಕಾರನಿಗೆ ತೆರೆದಿದ್ದ ಬಾಗಿಲು ಗೋಕಾಕದ ಸಾವಕಾರನಿಗೆ ತೆರೆದಿರಲಿಲ್ಲ. ಇದನ್ನು ಹಳ್ಳಿಗಾಡಿನ ಉಪೇಕ್ಷೆಯೆಂದು ಭಾವಿಸುವವರುಂಟು. ಆದರೆ ಅದರ ಹಿಂದೆ ಕಹಿಯಾದ ಒಂದು ಅನುಭವವಿದ್ದಿತು, ಮತ್ತು ಸುಧಾರಣೆಯ ಮಾತನ್ನಾಡುವವರೆಲ್ಲ ಮೊದಲು ಓದಬೇಕಾದ ಅಧ್ಯಾಯ ಅದೇ.

1859ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ತರುವಾಯ ಮುಂಬಯಿ ಪ್ರಾಂತದ ದಕ್ಖನಿನ ಜಿಲ್ಲೆಗಳಲ್ಲಿ ಸಾಲದ ದಾವೆಗಳು ಹೆಚ್ಚುತ್ತ ಹೋದವು. ರೈತನಿಗೆ ಓದು ಬಾರದು. ಸಮನ್ಸು ಬಂದರೆ ಭಯ, ಕೋರ್ಟು ದೂರ, ಹೋದರೂ ಹೇಳುವುದೇನೆಂದು ತಿಳಿಯದು. ಆತ ಮನೆಯಲ್ಲಿಯೇ ಉಳಿಯುವನು. ಅಲ್ಲಿ ಏಕತರ್ಫೀ ಡಿಕ್ರಿ ಆಗುವುದು. ಸಾಲದ ದಾವೆಗೆ ಮೂರು ವರ್ಷಗಳ ಕಾಲಮಿತಿಯನ್ನಿಟ್ಟದ್ದು ರೈತನ ರಕ್ಷಣೆಗೆಂದು. ಫಲಿಸಿದ್ದು ಬೇರೆಯೇ, ಯಾತಕ್ಕೆಂದರೆ ಮೂರು ವರ್ಷ ತುಂಬುವ ಮುಂಚೆ ಬಡ್ಡಿಯನ್ನು ಅಸಲಿನಲ್ಲಿ ಸೇರಿಸಿ ಹೊಸ ಕಾಗದ ಬರೆಯಿಸಿಕೊಳ್ಳುವ ವಾಡಿಕೆ ಬಲಿಯಿತು. ಹೀಗೆ ಹತ್ತು ರೂಪಾಯಿಯ ಸಾಲ ಕಾಗದದಿಂದ ಕಾಗದಕ್ಕೆ ಬೆಳೆದು ಹೊಲವನ್ನೇ ನುಂಗುವಷ್ಟಾಗುವಾಗ, ನ್ಯಾಯಾಧೀಶನ ಕಣ್ಣಿಗೆ ಬೀಳುತ್ತಿದ್ದುದು ಕೊನೆಯ ಕಾಗದವೊಂದೇ. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆ ಗ್ರಾಮದಲ್ಲಿ ಮೊದಲುಗೊಂಡು ಪುಣೆ, ಅಹಮದನಗರ ಜಿಲ್ಲೆಗಳಲ್ಲಿ ಹಬ್ಬಿದ ದಂಗೆಯಲ್ಲಿ ರೈತರು ಮುಖ್ಯವಾಗಿ ಸುಟ್ಟದ್ದು ಸಾಲದ ಕಾಗದಪತ್ರಗಳನ್ನು. ಅವರ ಕೋಪಕ್ಕೆ ಗುರಿಯಾದದ್ದು ಸಾವಕಾರನಷ್ಟೇ ಅಲ್ಲದೆ ಕಾಗದವನ್ನೇ ಸತ್ಯವೆಂದು ನಂಬುತ್ತಿದ್ದ ನ್ಯಾಯಪದ್ಧತಿಯೂ ಆಗಿದ್ದಿತು.

ಅದರ ಪರಿಣಾಮವಾಗಿ ಹುಟ್ಟಿದ 1879ರ ದಕ್ಖನ್ ಕೃಷಿಕರ ಪರಿಹಾರ ಕಾಯಿದೆಯು ಸಂಕ್ಷಿಪ್ತ ಪದ್ಧತಿಯನ್ನು ತಲೆಕೆಳಗು ಮಾಡಿ ಬರೆದಂತಿದೆ. ಪ್ರತಿವಾದಿ ರೈತನನ್ನು ನ್ಯಾಯಾಧೀಶನು ತಾನೇ ಕರೆದು ವಿಚಾರಿಸಬೇಕು. ಕಾಗದದ ಮೇಲಿನ ಅಂಕಿಗೆ ಮರುಳಾಗದೆ ವ್ಯವಹಾರವು ಆರಂಭವಾದ ದಿನದಿಂದ ಅದರ ಚರಿತ್ರೆಯನ್ನು ಬಿಚ್ಚಿ ನೋಡಬೇಕು. ಅಸಲು ಬಡ್ಡಿಗಳನ್ನು ಬೇರೆ ಮಾಡಿ ಲೆಕ್ಕ ಹಾಕಬೇಕು. ಡಿಕ್ರಿಯ ಹಣವನ್ನು ಕಂತುಗಳಲ್ಲಿ ಕೊಡಿಸಬಹುದು. ಸಾಲಕ್ಕಾಗಿ ರೈತನನ್ನು ಸೆರೆಯಲ್ಲಿಡಬಾರದು. ದಾವೆಗೆ ಮುಂಚೆ ಸಂಧಾನ ಮಾಡಿಸುವವರನ್ನೂ ಅದು ನೇಮಿಸಿತು. ಮಹಾದೇವ ಗೋವಿಂದ ರಾನಡೆಯವರು ಈ ಕಾಯಿದೆಯ ಮೇಲ್ವಿಚಾರಣೆಗೆ ನೇಮಕವಾದ ನ್ಯಾಯಾಧಿಕಾರಿಗಳಲ್ಲಿ ಒಬ್ಬರಾಗಿದ್ದರು. ಮೊದಲು ನಾಲ್ಕು ಜಿಲ್ಲೆಗಳಿಗೆ ಮೀಸಲಾಗಿದ್ದ ಇದರ ಬಹುಭಾಗವು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಪ್ರಾಂತದ ಉಳಿದ ಜಿಲ್ಲೆಗಳಿಗೂ ವ್ಯಾಪಿಸಿ ಬೆಳಗಾವಿ ಜಿಲ್ಲೆಯನ್ನೂ ಮುಟ್ಟಿತು. ಆದರೆ ಕಾಯಿದೆಯ ಕರುಣೆಗೂ ಬೆಲೆ ತೆರಬೇಕಾಯಿತೆಂಬುದನ್ನು ಮರೆಯಲಾಗದು. ಸಣ್ಣ ದಾವೆಗೂ ದೀರ್ಘವಾದ ಚರಿತ್ರೆಯ ಶೋಧನೆ ತಗಲಿಕೊಂಡಿತು. ಒಕ್ಕಲುತನವನ್ನೇ ಅರಿಯದವರು ಒಕ್ಕಲಿಗರೆಂದು ಹೇಳಿಕೊಂಡು ಬಂದರು. ಸಾವಕಾರರು ಒತ್ತೆಪತ್ರವನ್ನು ಬಿಟ್ಟು ಖರೀದಿಪತ್ರವನ್ನೇ ಬರೆಯಿಸಿಕೊಳ್ಳತೊಡಗಿದರು.

ಬೆಳಗಾವಿ ಜಿಲ್ಲೆ 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿ ಎರಡು ದಶಕಗಳು ಕಳೆಯುವಾಗ ಒಂದು ವಿಚಿತ್ರ ಸನ್ನಿವೇಶ ಒದಗಿತು. 1976ರಲ್ಲಿ ಕರ್ನಾಟಕದ ಋಣಪರಿಹಾರ ಶಾಸನವು ಸಣ್ಣ ರೈತರು, ಭೂಹೀನರು, ದುರ್ಬಲ ವರ್ಗದವರ ಸಾಲಗಳನ್ನು ಅಳಿಸಿಹಾಕಿತು. ಅದೇ ವರ್ಷ ಸಂಸತ್ತು ಸಿವಿಲ್ ಸಂಹಿತೆಯನ್ನು ತಿದ್ದಿ, 1977ರ ಫೆಬ್ರುವರಿಯಿಂದ ಮೂವತ್ತೇಳನೆಯ ಆದೇಶದ ಬಾಗಿಲನ್ನು ಮೊಫಸಲಿನ ನ್ಯಾಯಾಲಯಗಳಿಗೂ ತೆರೆಯಿತು. ಕಾನೂನಿನ ಒಂದು ಕೈ ಸಾಲವನ್ನು ಮನ್ನಾ ಮಾಡುತ್ತಿರುವಾಗ ಇನ್ನೊಂದು ಕೈ ಸಾಲವಸೂಲಿಯ ಹತ್ತಿರದ ದಾರಿಯನ್ನು ತೆರೆದುಕೊಡುತ್ತಿದ್ದಿತು.

ಆ ದಾರಿಯ ಸ್ವರೂಪ ಹೀಗಿದೆ. ಹುಂಡಿ, ಪ್ರಾಮಿಸರಿ ನೋಟು, ಬರವಣಿಗೆಯ ಕರಾರಿನ ನಿಶ್ಚಿತ ಮೊತ್ತ, ಇವುಗಳ ಮೇಲಿನ ದಾವೆಯಲ್ಲಿ ಸಮನ್ಸು ತಲುಪಿದ ಹತ್ತು ದಿನಗಳೊಳಗೆ ಪ್ರತಿವಾದಿಯು ಹಾಜರಿಯನ್ನು ದಾಖಲಿಸಬೇಕು. ಆ ಮೇಲೆ ವಾದಿಯು ‘ತೀರ್ಪಿಗಾಗಿ ಸಮನ್ಸು’ ಎಂಬ ಎರಡನೆಯ ಸಮನ್ಸನ್ನು ಕಳುಹಿಸುವನು. ಅದು ತಲುಪಿದ ಹತ್ತು ದಿನಗಳೊಳಗೆ ಪ್ರತಿವಾದಿಯು ಪ್ರಮಾಣಪತ್ರದೊಡನೆ ಪ್ರತಿವಾದಕ್ಕೆ ಅನುಮತಿಯನ್ನು ಬೇಡಬೇಕು. ಮೊದಲ ಹತ್ತು ದಿನ ತಪ್ಪಿದರೆ ದಾವೆಯ ಮಾತೆಲ್ಲ ಒಪ್ಪಿದಂತೆ. ಎರಡನೆಯ ಹತ್ತು ದಿನ ತಪ್ಪಿದರೆ ವಾದಿಗೆ ಕೂಡಲೇ ಡಿಕ್ರಿ. ತಕ್ಕ ಕಾರಣ ತೋರಿಸಿದರೆ ತಡವನ್ನು ಕ್ಷಮಿಸುವ ಅಧಿಕಾರ ನ್ಯಾಯಾಲಯಕ್ಕುಂಟು. ಆದರೆ ಎರಡು ಸಮನ್ಸುಗಳಿವೆಯೆಂಬುದೇ ತಿಳಿಯದವನು ಕಾರಣವನ್ನು ಯಾವಾಗ ತೋರಿಸಬೇಕು?

ಅನುಮತಿಯನ್ನು ಕೊಡುವ ಅಳತೆಗೋಲಿನ ಚರ್ಚೆ ದೊಡ್ಡ ನ್ಯಾಯಾಲಯಗಳಲ್ಲಿ ಬಹಳ ನಡೆದಿದೆ. 1945ರಲ್ಲಿ ಕಲಕತ್ತಾ ಹೈಕೋರ್ಟಿನ ನ್ಯಾಯಮೂರ್ತಿ ಎಸ್. ಆರ್. ದಾಸರು ಕಿರಣಮಯಿ ದಾಸಿಯವರ ಪ್ರಕರಣದಲ್ಲಿ ಪ್ರತಿವಾದಗಳನ್ನು ಒಳ್ಳೆಯದು, ಸಂಭಾವ್ಯವಾದದ್ದು, ಹುಸಿಯಾದದ್ದು ಎಂಬಂತೆ ಶ್ರೇಣಿಗಳಾಗಿ ವಿಂಗಡಿಸಿದರು. 1976ರಲ್ಲಿ ಮೆಕಲೆಕ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನೇ ಸ್ವೀಕರಿಸಿತು. 2016ರ ಹಬ್‌ಟೌನ್ ತೀರ್ಪಿನಲ್ಲಿ, ತಿದ್ದುಪಡಿಯಾದ ನಿಯಮಕ್ಕೆ ಹೊಂದುವಂತೆ ಆ ಸೂತ್ರಗಳನ್ನು ಹೊಸದಾಗಿ ಹೊಯ್ದಿತು. ಪ್ರತಿವಾದದಲ್ಲಿ ಸತ್ತ್ವವಿದ್ದರೆ ಷರತ್ತಿಲ್ಲದೆ ಅನುಮತಿ; ಸಂದೇಹವಿದ್ದರೆ ಠೇವಣಿಯ ಷರತ್ತು; ಏನೂ ಇಲ್ಲದಿದ್ದರೆ ಡಿಕ್ರಿ. ಸೂತ್ರಗಳಲ್ಲಿ ದೋಷವಿಲ್ಲ. ಆದರೆ ಹುಕ್ಕೇರಿ ಸೀಮೆಯ ಸಾಲಗಾರನ ದಾವೆ ಈ ಅಳತೆಗೋಲಿನ ಬಳಿಗೆ ಬಂದು ಮುಟ್ಟಿದರೆ ತಾನೆ ಅದರ ಸೂಕ್ಷ್ಮತೆಯ ಪ್ರಶ್ನೆ!

ಎರಡನೆಯ ದೊಡ್ಡ ಹೆಜ್ಜೆಯೆಂದರೆ 2015ರ ವಾಣಿಜ್ಯ ನ್ಯಾಯಾಲಯಗಳ ಕಾಯಿದೆ. ಕಾನೂನು ಆಯೋಗದ 253ನೆಯ ವರದಿಯನ್ನು ಹಿಂಬಾಲಿಸಿ ಬಂದ ಈ ಕಾಯಿದೆಯು ಸಂಹಿತೆಯಲ್ಲಿ ಹದಿಮೂರು-ಎ ಎಂಬ ಆದೇಶವನ್ನು ಸೇರಿಸಿತು. ಅಮೆರಿಕದಲ್ಲಿ 1938ರಿಂದ ಇರುವ, ಇಂಗ್ಲೆಂಡಿನಲ್ಲಿ 1999ರಲ್ಲಿ ಜಾರಿಗೆ ಬಂದ ನಿಯಮಗಳಲ್ಲಿ ಹೊಸ ರೂಪ ತಳೆದ ವ್ಯವಸ್ಥೆಯ ಭಾರತೀಯ ಅವತಾರ ಇದು. ಗೆಲ್ಲುವ ನಿಜವಾದ ಸಂಭವವಿಲ್ಲದ ಪಕ್ಷದ ವಿರುದ್ಧ, ವಿವಾದಾಂಶಗಳನ್ನು ರಚಿಸುವ ಮೊದಲೇ, ಬಾಯಿಸಾಕ್ಷ್ಯವಿಲ್ಲದೆ ತೀರ್ಪು ಕೊಡಬಹುದು. ವಾದಿ ಬೇಡಬಹುದು, ಪ್ರತಿವಾದಿಯೂ ಬೇಡಬಹುದು. ವಿಚಾರಣೆಗೆ ಕನಿಷ್ಠ ಮೂವತ್ತು ದಿನಗಳ ಸೂಚನೆ ಕೊಡಬೇಕು. ಮೂವತ್ತೇಳನೆಯ ಆದೇಶಕ್ಕಿಂತ ಇದು ಎಷ್ಟೋ ಸಭ್ಯವಾದದ್ದು, ಏಕೆಂದರೆ ಬಾಯಿ ತೆರೆಯುವುದಕ್ಕೆ ಇಲ್ಲಿ ಯಾರ ಅಪ್ಪಣೆಯೂ ಬೇಕಿಲ್ಲ. ಮೊದಲು ಒಂದು ಕೋಟಿ ರೂಪಾಯಿಯಿದ್ದ ಮೌಲ್ಯದ ಮಿತಿ 2018ರಲ್ಲಿ ಮೂರು ಲಕ್ಷಕ್ಕೆ ಇಳಿಯಿತು. ಹಾಗಾಗಿ ಗೋಕಾಕದ ಅಡತಿ ಅಂಗಡಿಯ ಲೆಕ್ಕವೂ ಇದರ ವ್ಯಾಪ್ತಿಗೆ ಬರಬಹುದು. ಆದರೆ ವಾಣಿಜ್ಯ ನ್ಯಾಯಾಲಯವಿರುವುದು ಜಿಲ್ಲಾ ಮಟ್ಟದಲ್ಲಿ. ತುರ್ತು ಪರಿಹಾರ ಬೇಡದ ದಾವೆಗೆ ಮುಂಚಿತವಾಗಿ ಮಧ್ಯಸ್ಥಿಕೆಯ ಕಡ್ಡಾಯವೂ ಇದೆ. ಇತ್ತೀಚಿನವರೆಗೆ ಗೋಕಾಕ ತಾಲೂಕಿನ ಅಂಗವಾಗಿದ್ದ ಮೂಡಲಗಿಯ ವರ್ತಕನು, ತನ್ನ ಊರಿಗೆ ತಾಲೂಕಿನ ಪದವಿ ಬಂದಿತೆಂದು ಹಿಗ್ಗಿ, ಮೂರು ಲಕ್ಷದ ವಸೂಲಿಗೆ ಬೆಳಗಾವಿಯ ಬಸ್ಸನ್ನೇ ಕಾಯಬೇಕಾದದ್ದು ಒಂದು ಚಮತ್ಕಾರವೇ ಸರಿ.

ಹಾಗಾದರೆ ತಾಲೂಕಿನ ಸಿವಿಲ್ ನ್ಯಾಯಾಧೀಶರ ಮುಂದೆ ಉಳಿಯುವ ಹಣದ ದಾವೆಗಳು ಯಾವುವು? ಇಪ್ಪತ್ತು ಲಕ್ಷಕ್ಕೆ ಮೇಲ್ಪಟ್ಟ ಬ್ಯಾಂಕಿನ ಸಾಲ ಋಣವಸೂಲಿ ನ್ಯಾಯಾಧಿಕರಣಕ್ಕೆ ಹೋಗುವುದು. ಸಹಕಾರಿ ಸಂಘಗಳ ವ್ಯಾಜ್ಯ 1959ರ ಸಹಕಾರಿ ಕಾಯಿದೆಯಂತೆ ನಿಬಂಧಕರ ಕಡೆಗೆ. ಹೊಲದ ಸಾಲದಿಂದ ಸಕ್ಕರೆ ಕಾರಖಾನೆಯವರೆಗೆ ಎಲ್ಲವನ್ನೂ ಸಹಕಾರದಿಂದ ನಡೆಯಿಸುವ ಈ ಸೀಮೆಯಲ್ಲಿ, ಮನೆಯ ದೀಪದ ವಿದ್ಯುತ್ತನ್ನು ಕೂಡ 1969ರಲ್ಲಿ ಸ್ಥಾಪಿತವಾದ ಸಹಕಾರಿ ಸಂಘವೊಂದರಿಂದಲೇ ಪಡೆಯುವ ಹುಕ್ಕೇರಿಯಲ್ಲಿ, ಅದೇನು ಸಣ್ಣ ಭಾಗವಲ್ಲ. ಉಳಿದದ್ದು ಕೈಗಡ, ಗೊಬ್ಬರದ ಅಂಗಡಿಯ ಉದ್ರಿ, ಟ್ರ್ಯಾಕ್ಟರಿನ ಬಾಕಿ, ಕಬ್ಬು ಕಡಿಯುವ ಗ್ಯಾಂಗಿಗೆ ಕೊಟ್ಟ ಮುಂಗಡ. ಇವೆಲ್ಲ ಬಹುಪಾಲು ಬಾಯಿಮಾತಿನ ವ್ಯವಹಾರಗಳು. ಕಾಗದವಿದ್ದರೂ ಅದು ಖಾಲಿ ಚೆಕ್ಕು ಅಥವಾ ಅಂಕಿ ತುಂಬದ ನೋಟು ಆಗಿರುವುದುಂಟು. ಸಹಿ ನಿಜವಾಗಿದ್ದು ಮೊತ್ತ ಸುಳ್ಳಾಗಿರುವ ಇಂಥ ಕಾಗದವೇ ಸಂಕ್ಷಿಪ್ತ ಪದ್ಧತಿಗೆ ಅತ್ಯಂತ ಅಪಾಯಕಾರಿಯಾದದ್ದು.

ಇದರಿಂದ ಹಣ ಕೊಟ್ಟವರು ಬೇರೊಂದು ಬಾಗಿಲನ್ನು ಕಂಡುಕೊಂಡಿದ್ದಾರೆ. 1989ರ ಏಪ್ರಿಲ್‌ನಿಂದ ಜಾರಿಗೆ ಬಂದ ಪರಕ್ರಾಮ್ಯ ಪತ್ರಗಳ ಕಾಯಿದೆಯ 138ನೆಯ ಕಲಮು ಚೆಕ್ಕಿನ ತಿರಸ್ಕಾರವನ್ನು ಅಪರಾಧವಾಗಿಸಿತು. ಅದರ ವಿಚಾರಣೆಯೂ ಸಂಕ್ಷಿಪ್ತವಾಗಿರಬೇಕೆಂದು ಮುಂದೆ ತಿದ್ದುಪಡಿಯಾಯಿತು. 2018ರಲ್ಲಿ ಮೊತ್ತದ ನೂರಕ್ಕೆ ಇಪ್ಪತ್ತರವರೆಗೆ ಮಧ್ಯಂತರ ಪರಿಹಾರದ ಅವಕಾಶವೂ ಬಂದಿತು. ಆದಕಾರಣ ಈಗ ಸಾಲದ ನಿಜವಾದ ‘ಸಂಕ್ಷಿಪ್ತ ದಾವೆ’ ನಡೆಯುತ್ತಿರುವುದು ಫೌಜದಾರಿ ಕೋರ್ಟಿನಲ್ಲಿ. ತಮಾಷೆಯ ಸಂಗತಿಯೆಂದರೆ ಮೂಡಲಗಿಯಂಥ ಊರಿನಲ್ಲಿ ಸಿವಿಲ್ ನ್ಯಾಯಾಧೀಶರೂ ಪ್ರಥಮ ದರ್ಜೆಯ ದಂಡಾಧಿಕಾರಿಗಳೂ ಒಬ್ಬರೇ. ಅದೇ ಪೀಠ, ಅದೇ ಸಾಲ, ಅದೇ ಪಕ್ಷಗಾರರು; ಕಟಕಟೆಯಲ್ಲಿ ನಿಂತವನು ಮಾತ್ರ ಪ್ರತಿವಾದಿಯ ಹೆಸರನ್ನು ಕಳೆದುಕೊಂಡು ಆರೋಪಿಯೆನಿಸುವನು. ಸಿವಿಲ್ ಪದ್ಧತಿಯನ್ನು ಸುಧಾರಿಸದೆ ಬಿಟ್ಟುದರ ಫಲ ಇದು. ಸುಧಾರಣೆಯ ಅವಶ್ಯಕತೆಗೆ ಬೇರೆ ಪ್ರಮಾಣ ಬೇಕಾಗಿಲ್ಲ.

ನನ್ನ ಅಭಿಪ್ರಾಯದಲ್ಲಿ ಈವರೆಗಿನ ಸುಧಾರಣೆಗಳೆಲ್ಲ ಪ್ರತಿವಾದಿಯ ಬಾಯನ್ನು ಎಷ್ಟು ಬೇಗ ಮುಚ್ಚಬಹುದೆಂಬುದನ್ನು ಯೋಚಿಸಿವೆ. ಅವನು ನಿಜವನ್ನು ನುಡಿಯುವಂತೆ ಮಾಡುವುದು ಹೇಗೆಂಬುದನ್ನು ಯೋಚಿಸಿಲ್ಲ. ಇಂದಿನ ಸ್ಥಿತಿಯಲ್ಲಿ ‘ಹೌದು, ಕೊಡಬೇಕಾಗಿದೆ’ ಎಂದವನಿಗೆ ಬರುವ ಫಲವೆಂದರೆ ಒಡನೆಯೇ ಡಿಕ್ರಿ. ‘ಸಹಿಯೇ ನನ್ನದಲ್ಲ’ ಎಂದವನಿಗೆ ನಾಲ್ಕಾರು ವರ್ಷಗಳ ಬಿಡುವು. ಸುಳ್ಳು ತಕರಾರಿಗೆ ವಿಧಿಸಬಹುದಾದ ವಿಶೇಷ ಖರ್ಚು ಸಾಮಾನ್ಯ ಸಿವಿಲ್ ದಾವೆಯಲ್ಲಿ ಮೂರು ಸಾವಿರ ರೂಪಾಯಿಯನ್ನು ಮೀರುವಂತಿಲ್ಲ. ಮೂರು ಸಾವಿರಕ್ಕೆ ನಾಲ್ಕು ವರ್ಷ ಸಿಗುವುದಾದರೆ ಯಾವ ಲೆಕ್ಕ ಬಲ್ಲವನು ತಾನೆ ಕಬೂಲಿ ಕೊಟ್ಟಾನು? ಸಂಪ್ರತಿಪತ್ತಿಯೇ ಇಲ್ಲವಾದ ಮೇಲೆ ಎರಡು ಪಾದದ ವ್ಯವಹಾರ ಎಲ್ಲಿಂದ ಬರಬೇಕು?

ಇದಕ್ಕೆ ಬೇಕಾದ ಸಲಕರಣೆಗಳು ಸಂಹಿತೆಯಲ್ಲಿಯೇ ಚದರಿ ಬಿದ್ದಿವೆ. ಹತ್ತನೆಯ ಆದೇಶದಂತೆ ನ್ಯಾಯಾಧೀಶರು ಮೊದಲ ದಿನವೇ ಇಬ್ಬರನ್ನೂ ಕರೆದು ಯಾವುದನ್ನು ಒಪ್ಪುವಿರಿ, ಯಾವುದನ್ನು ಅಲ್ಲಗಳೆಯುವಿರಿ ಎಂದು ಬಾಯಿಯಿಂದಲೇ ಕೇಳಬಹುದು. ಬೆಂಗಳೂರಿನಿಂದ ಹೋಗಿದ್ದ ಅರಿವಂದಾನಂ ಪ್ರಕರಣದಲ್ಲಿ 1977ರಷ್ಟು ಹಿಂದೆಯೇ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಹುಸಿ ದಾವೆಗಳನ್ನು ಚಿವುಟುವುದಕ್ಕೆ ಇದೇ ಅಸ್ತ್ರವನ್ನು ಬಳಸಿರೆಂದು ಕೆಳಗಿನ ನ್ಯಾಯಾಧೀಶರಿಗೆ ಒತ್ತಿ ಹೇಳಿದ್ದರು. ಹನ್ನೆರಡನೆಯ ಆದೇಶದ ಆರನೆಯ ನಿಯಮದಂತೆ ಒಪ್ಪಿದಷ್ಟು ಭಾಗಕ್ಕೆ ಅಂದೇ ಡಿಕ್ರಿ ಕೊಟ್ಟು ಉಳಿದುದನ್ನು ಮಾತ್ರ ವಿಚಾರಣೆಗೆ ಇಟ್ಟುಕೊಳ್ಳಬಹುದು. ಇಪ್ಪತ್ತನೆಯ ಆದೇಶದ ಹನ್ನೊಂದನೆಯ ನಿಯಮದಂತೆ ಡಿಕ್ರಿ ಮಾಡುವಾಗಲೇ ಕಂತುಗಳನ್ನು ಗೊತ್ತುಪಡಿಸಬಹುದು. ಡಿಕ್ರಿಯಾದ ಮೇಲಾದರೋ ಅದಕ್ಕೆ ಸಾಲಕೊಟ್ಟವನ ಸಮ್ಮತಿ ಬೇಕು. ಇವು ಮೂರನ್ನೂ ಒಂದು ದಾರದಲ್ಲಿ ಪೋಣಿಸಿ, ಮೊದಲ ಹಾಜರಿಯಲ್ಲಿಯೇ ಸಾಲವನ್ನು ಒಪ್ಪಿದವನಿಗೆ ಕಬ್ಬಿನ ಬಿಲ್ಲು ಬರುವ ಕಾಲಕ್ಕೆ ಹೊಂದುವ ಕಂತು, ಕಡಿಮೆ ಬಡ್ಡಿ, ಖರ್ಚಿನ ವಿನಾಯಿತಿ; ಸುಳ್ಳೆಂದು ಸಿದ್ಧವಾದ ನಿರಾಕರಣೆಗೆ ನಿಜವಾಗಿ ತಾಗುವಷ್ಟು ಖರ್ಚು, ಹೀಗೆ ನಿಯಮ ಮಾಡುವುದು ಅಸಾಧ್ಯವೇನಲ್ಲ. ಬಡ್ಡಿ ಅಸಲನ್ನು ಮೀರಬಾರದೆಂಬ ದಾಮದುಪಟ್ಟಿನ ಹಳೆಯ ನ್ಯಾಯವನ್ನೂ, ಲೇವಾದೇವಿಯ ಪರವಾನಗಿಯನ್ನೂ ನ್ಯಾಯಾಧೀಶರು ಆ ದಿನವೇ ತಾವಾಗಿ ವಿಚಾರಿಸತಕ್ಕದ್ದು. ಇದರಿಂದ 1879ರ ಕಾಯಿದೆಯ ಸಾರ ಉಳಿದು ಅದರ ವಿಸ್ತಾರ ತಪ್ಪುವುದು.

ಇಷ್ಟೊಂದು ವೇಳೆ ಆ ಪೀಠಕ್ಕೆ ಎಲ್ಲಿದೆಯೆಂದು ವಕೀಲ ಮಿತ್ರರು ಕೇಳುವರು. ಆಕ್ಷೇಪ ಸುಳ್ಳಲ್ಲ. ಆದರೆ ಮೊದಲ ದಿನದ ಅರ್ಧ ತಾಸು ಮುಂದಿನ ಇಪ್ಪತ್ತು ತಾರೀಖುಗಳನ್ನು ತಿನ್ನುವುದೆಂಬ ಲೆಕ್ಕವನ್ನು ಅವರೂ ಬಲ್ಲರು. ವಾಟ್ನಿ ಮತ್ತು ಮನಾಯಿ ಹುಕುಮಿನ, ಎಂದರೆ ತಡೆಯಾಜ್ಞೆಯ, ದಾವೆಗಳಿಗೆ ಈ ಪದ್ಧತಿಯನ್ನು ಹಿಗ್ಗಿಸಬೇಕೆನ್ನುವವರೊಡನೆ ಮಾತ್ರ ನನ್ನ ಸಹಮತವಿಲ್ಲ. ಹೆಣ್ಣುಮಕ್ಕಳ ಪಾಲನ್ನು ಮುಚ್ಚಿಟ್ಟು ಅಣ್ಣತಮ್ಮಂದಿರು ಪರಸ್ಪರ ಒಪ್ಪಿಕೊಂಡ ವಂಶಾವಳಿಯ ಮೇಲೆ ಅವಸರದ ಡಿಕ್ರಿ ಮಾಡುವುದು ಅನರ್ಥಕ್ಕೆ ದಾರಿ.

ಮತ್ತೆ, ಡಿಕ್ರಿ ಬೇಗನಾದರೆ ಹಣ ಬೇಗ ಬಂದಂತಾಗುವುದಿಲ್ಲ. ನಮ್ಮ ಕಡೆಯವರು ದರಖಾಸ್ತೆನ್ನುವ ಅಮಲುಜಾರಿಯ ಅರ್ಜಿ ಎರಡನೆಯ ದಾವೆಯೇ ಆಗಿ ಬೆಳೆಯುವುದುಂಟು. ರೈತನ ಎತ್ತು, ನೇಗಿಲು, ಬೀಜದ ಕಾಳು, ವಾಸದ ಮನೆಗಳನ್ನು ಸಂಹಿತೆಯ 60ನೆಯ ಕಲಮು ಜಪ್ತಿಯಿಂದ ಉಳಿಸಿದೆ, ಅದು ನ್ಯಾಯವೇ. ಉಳಿಯುವ ಹೊಲಕ್ಕೆ ಅಣ್ಣನದೋ ಹೆಂಡತಿಯದೋ ತಕರಾರು ಬರುವುದು. ಕರ್ನಾಟಕದಿಂದಲೇ ಹೋದ ರಾಹುಲ್ ಶಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2021ರಲ್ಲಿ ದರಖಾಸ್ತು ಆರು ತಿಂಗಳಲ್ಲಿ ಮುಗಿಯಬೇಕೆಂದು ವಿಧಿಸಿದೆ. ತಾನೇ ಒಪ್ಪಿ ಹಾಕಿಸಿಕೊಂಡ ಕಂತಿಗೆ ದರಖಾಸ್ತಿನ ಗೊಡವೆ ಬರುವ ಸಂಭವ ಕಡಿಮೆಯೆಂಬುದು ಕಂತಿನ ಪಕ್ಷದಲ್ಲಿ ಹೇಳಬಹುದಾದ ಮತ್ತೊಂದು ಮಾತು.

ಕೊನೆಯದಾಗಿ ಸಮನ್ಸಿನ ಕಾಗದದ ವಿಷಯ. ಸಂಹಿತೆಯ ಅನುಬಂಧದಲ್ಲಿರುವ ನಮೂನೆಯನ್ನು ಕನ್ನಡಿಸಿದಾಗ ಅದು ಇಂಗ್ಲಿಷಿಗಿಂತಲೂ ಕಠಿಣವಾಗಿ ತೋರುವುದು ಸಾಮಾನ್ಯ. ಬೇಲೀಫನು ಮನೆಯ ಕಟ್ಟೆಯ ಮೇಲೆ ಕುಳಿತವನ ಕೈಗೆ ಅದನ್ನು ಕೊಟ್ಟು ಸಹಿ ಪಡೆದು ಹೋದ ಮೇಲೆ, ಶಾಲೆಗೆ ಹೋಗುವ 
ಮೊಮ್ಮಗಳು ಅದನ್ನು ಓದಿ ಹೇಳುವಂತಿರಬೇಕು: ಇಂಥವರು ಇಷ್ಟು ಹಣ ನಿಮ್ಮಿಂದ ಬರಬೇಕೆನ್ನುತ್ತಾರೆ; ಹತ್ತು ದಿನದೊಳಗೆ ಕೋರ್ಟಿಗೆ ಬಂದು ಹೆಸರು ಬರೆಯಿಸಿರಿ; ಆ ಬಳಿಕ ಇನ್ನೊಂದು ಸಮನ್ಸು ಬರುವುದು, ಅದಕ್ಕೂ ಹತ್ತೇ ದಿನ; ಸಾಲ ನಿಜವಾಗಿದ್ದರೆ ಕಂತು ಕೇಳಬಹುದು, ಸುಳ್ಳಾಗಿದ್ದರೆ ಏಕೆಂದು ಹೇಳಬಹುದು; ವಕೀಲರನ್ನು ಇಡಲು ಶಕ್ತಿಯಿಲ್ಲದಿದ್ದರೆ ತಾಲೂಕಿನ ಕಾನೂನು ಸೇವಾ ಸಮಿತಿಯವರು ಇದೇ ಆವರಣದಲ್ಲಿ ಕುಳಿತಿರುತ್ತಾರೆ.